ಫ್ಯೂಸ್ ಡಬ್ಬಿಗೆ ಹೆದರುವ ಇಂಜಿನಿಯರುಗಳು

ಈ ಬರಹ ಕೆಲವರಿಗೆ ಚುಚ್ಚುತ್ತೆ ಅಂತ ಗೊತ್ತಿದ್ದೇ ಬರೀತಾ ಇದ್ದೀನಿ. ಸಮಾಧಾನ ಏನಪ್ಪಾ ಅಂದ್ರೆ, ಮೊದಲು ಚುಚ್ಚಿಸಿಕೊಂಡವನು ನಾನೇ :-)

ಕಳೆದ ಫೆಬ್ರವರಿಯ ಒಂದು ಶನಿವಾರ ಸಂಜೆ. ಇಲ್ಲಿ ಒಹಾಯೋದಲ್ಲಿ ಮೂಳೆ ಕೊರೆಯುವ ಚಳಿ. ದಿನಸಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ನಮ್ಮ ಗಾಡಿ ಸ್ಟಾರ್ಟ್ ಆಗಲಿಲ್ಲ. 2003ರ ಮಾಡೆಲ್ಲು, ಮೂರು ಸಾಲು ಸೀಟು, ವಿ8 ಎಂಜಿನ್ನು, ನಮ್ಮೂರಿನ ಮಿನಿ ಬಸ್ಸಿಗೆ ತಮ್ಮನ ಹಾಗಿರೋ ಎಸ್‌ಯುವಿ. ಕಂಪನಿ ಹೆಸರು ಬೇಡ ಬಿಡಿ, ಇಪ್ಪತ್ತು ವರ್ಷ ದುಡಿದ ಗಾಡಿಯ ಮೇಲೆ ನನಗೇನೂ ದೂರಿಲ್ಲ. ಸ್ಟಾರ್ಟರ್ ಗರಗರ ಅಂತ ತಿರುಗುತ್ತಿತ್ತು, ಎಂಜಿನ್ ಮಾತ್ರ ಹಿಡಿಯಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ನಡುಗುತ್ತಾ ಕೂತಿದ್ದಳು. "ರೀ, ಏನಾದ್ರೂ ಮಾಡ್ರೀ" ಅಂದಳು ಹೆಂಡತಿ. ನಾನು ಮಾಡಿದ್ದು ಒಂದೇ, ಟೋ ಗಾಡಿಗೆ ಫೋನು.

ಸೋಮವಾರ ವರ್ಕ್‌ಶಾಪಿನಿಂದ ಕರೆ ಬಂತು. ಫ್ಯುಯೆಲ್ ಪಂಪ್ ಹೋಗಿದೆ, ಟ್ಯಾಂಕು ಇಳಿಸಬೇಕು, 1,150 ಡಾಲರ್. "ಹೇಗೆ ಗೊತ್ತಾಯ್ತು?" ಅಂತ ನಾನು ಒಂದು ಮಾತೂ ಕೇಳಲಿಲ್ಲ. ಕಾರ್ಡು ಉಜ್ಜಿ ಬಂದೆ.

ಮೂರೇ ವಾರ. ಮನೆ ಮುಂದೆಯೇ ಮತ್ತೆ ಅದೇ ಗರಗರ. ಎದುರು ಮನೆಯ ಅಜ್ಜ ತನ್ನ ಡ್ರೈವ್‌ವೇಯಿಂದ ನೋಡುತ್ತಾ ಇದ್ದವನು ನಿಧಾನಕ್ಕೆ ಬಂದ. ನನಗೆ ಕೀ ಆನ್ ಮಾಡೋಕೆ ಹೇಳಿ, ತಾನು ಹಿಂದೆ ಟ್ಯಾಂಕಿನ ಹತ್ತಿರ ಬಗ್ಗಿ ಕಿವಿಗೊಟ್ಟ. ಪಂಪ್ ಸರಿಯಿದ್ದರೆ ಕೀ ಆನ್ ಆದ ತಕ್ಷಣ ಒಂದೆರಡು ಸೆಕೆಂಡು ಗುಂಯ್ ಅನ್ನಬೇಕಂತೆ. ಏನೂ ಕೇಳಲಿಲ್ಲ. ಕೀ ಆಫ್ ಮಾಡಿಸಿ, ಬಾನೆಟ್ ಎತ್ತಿ, ಕಪ್ಪು ಡಬ್ಬಿಯ ಮುಚ್ಚಳ ತೆಗೆದು, ಮುಚ್ಚಳದ ಒಳಮೈಯಲ್ಲಿ ಅಂಟಿಸಿದ್ದ ನಕ್ಷೆ ನೋಡಿ, ಬೆಂಕಿಪೊಟ್ಟಣಕ್ಕಿಂತ ಸಣ್ಣ ಎರಡು ರಿಲೇಗಳನ್ನ ಕಿತ್ತು ಅದಲು ಬದಲು ಮಾಡಿ ಕೂರಿಸಿದ. ಹಾರ್ನಿನದು ಪಂಪಿಗೆ, ಪಂಪಿನದು ಹಾರ್ನಿಗೆ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್! ಹಾರ್ನ್ ಮಾತ್ರ ಮೂಕ.

ಹೊಸ ರಿಲೇಗೆ ನಾನು ಕೊಟ್ಟಿದ್ದು 14 ಡಾಲರ್. ಹಳೇ ರಿಲೇ ಬಿಚ್ಚಿ ನೋಡಿದರೆ ಒಳಗಿನ ಕಾಂಟ್ಯಾಕ್ಟು ಸುಟ್ಟು ಕಪ್ಪಾಗಿತ್ತು. ಒಮ್ಮೆ ಕೂಡುತ್ತೆ, ಒಮ್ಮೆ ಇಲ್ಲ. ಅದಕ್ಕೇ ಹೊಸ ಪಂಪು ಹಾಕಿದ ಮೇಲೂ ಮೂರು ವಾರ ನಾಟಕ ನಡೆದದ್ದು.

ವರ್ಕ್‌ಶಾಪಿನವರನ್ನ ಬೈಯೋದು ಸುಲಭ. ಅಳೆಯದೇ, ಊಹೆಯ ಮೇಲೆ ಪಾರ್ಟು ಬದಲಿಸುವವರಿಗೆ ಬೈಗುಳ ಸಲ್ಲಬೇಕು ಕೂಡ. ಆದರೆ ನನ್ನ ಸಿಟ್ಟು ಇರೋದು ನನ್ನ ಮೇಲೆ, ಮತ್ತು ಕ್ಷಮಿಸಿ, ನನ್ನಂಥ ನಿಮ್ಮ ಮೇಲೆ. ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿದವನು ಮಾರಾಯ್ರೇ! ಪರೀಕ್ಷೆಯಲ್ಲಿ ರಿಲೇಯ ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ ಮಾರ್ಕ್ಸ್ ತಗೊಂಡವನು. ದಿನವಿಡೀ ಆಫೀಸಿನಲ್ಲಿ ಬಗ್ ಹುಡುಕೋದೇ ಕೆಲಸ. "ಮೊದಲು ಸಮಸ್ಯೆ ಎಲ್ಲಿದೆ ಅಂತ ಗುರುತಿಸಿ, ಆಮೇಲೆ ಕೋಡ್ ಮುಟ್ಟಿ" ಅಂತ ಹುಡುಗರಿಗೆ ಪಾಠ ಹೇಳೋನು. ಅದೇ ನಾನು, 12 ವೋಲ್ಟಿನ ಡಬ್ಬಿಯ ಮುಂದೆ ಕೈಕಟ್ಟಿ ನಿಂತೆ.

ಈ ಕಥೆ ಹೇಳಿದಾಗ ನಮ್ಮ ಕನ್ನಡದ ಗೆಳೆಯರು ಏನಂದರು ಗೊತ್ತಾ? "ಅದೆಲ್ಲ ನಮಗ್ಯಾಕೆ ಗುರುವೇ, ಮುಟ್ಟೋಕೆ ಹೋಗಬೇಡ." ಇದು ಎಚ್ಚರಿಕೆಯ ಮಾತಲ್ಲ, ಸೋಮಾರಿತನಕ್ಕೆ ಇಸ್ತ್ರಿ ಮಾಡಿ ತೊಡಿಸಿದ ಅಂಗಿ.

ರಿಲೇ ಅಂದರೆ ಬ್ರಹ್ಮವಿದ್ಯೆ ಏನಲ್ಲ. ಅಡಿಕೆ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ನೆನಪಿದೆಯಾ? ಹಸಿರು ಗುಂಡಿ ಒತ್ತಿದರೆ ಒಳಗೆ 'ಢಬ್' ಅಂತ ಸದ್ದಾಗಿ ಮೋಟರ್ ಶುರುವಾಗುತ್ತೆ. ಗುಂಡಿಯಲ್ಲಿ ಹರಿಯೋದು ಚಿಟಿಕೆ ಕರೆಂಟು. ಅದು ಒಳಗಿನ ಸುರುಳಿಯನ್ನ ಅಯಸ್ಕಾಂತ ಮಾಡುತ್ತೆ, ಅಯಸ್ಕಾಂತ ದೊಡ್ಡ ಕಾಂಟ್ಯಾಕ್ಟನ್ನ ಎಳೆದು ಕೂಡಿಸುತ್ತೆ. ಕಾರಿನ ರಿಲೇ ಅದರ ಮರಿ. ಸುರುಳಿಗೆ ಅರ್ಧ ಆಂಪಿಯರೂ ಬೇಡ, ಅದು ಕೂಡಿಸುವ ಕಾಂಟ್ಯಾಕ್ಟು 20-30 ಆಂಪಿಯರ್ ಹೊರುತ್ತೆ. ಹಲವು ರಿಲೇಗಳ ಮೈಮೇಲೆ 85, 86, 30, 87 ಅಂತ ಬರೆದಿರುತ್ತೆ. 85-86 ಸುರುಳಿಯ ಎರಡು ತುದಿ. 30 ಬ್ಯಾಟರಿ ಕಡೆಯಿಂದ ಬರುವ ದಾರಿ, 87 ಪಂಪೋ ಲೈಟೋ ಇರುವ ಕಡೆಗೆ ಹೋಗುವ ದಾರಿ. ಇಷ್ಟೇ! ಇದರಲ್ಲಿ ಒಂದು ಮೋಸ ಇದೆ, ನೆನಪಿಡಿ. 'ಕ್ಲಿಕ್' ಸದ್ದು ಕೇಳಿಸಿದರೆ ಸುರುಳಿ ಸರಿಯಿದೆ ಅಂತ ಅರ್ಥ, ಕಾಂಟ್ಯಾಕ್ಟು ಸರಿಯಿದೆ ಅಂತಲ್ಲ.

ಇನ್ನು ಎರಡನೇ ಗುಂಪಿನವರಿದ್ದಾರೆ, ಮುಟ್ಟೋಕೆ ಹೆದರದ ಧೀರರು. ಇವರ ಮಂತ್ರ "ಫ್ಯೂಸ್ ಪದೇ ಪದೇ ಹೋಗ್ತಿದೆಯಾ? ದೊಡ್ಡದು ಹಾಕು." ಹೆದರುವವರಿಗಿಂತ ಇವರು ಹೆಚ್ಚು ಅಪಾಯ. ಯಾಕೆ ಅಂದರೆ ಈ ಗುಂಪಿನಲ್ಲೂ ನಾನು ಒಂದು ದಿನ ಇದ್ದೆ.

ಚಿಕ್ಕವನಿದ್ದಾಗ ಊರಮನೆಯಲ್ಲಿ ಪಿಂಗಾಣಿ ಫ್ಯೂಸು. ಮಳೆಗಾಲದಲ್ಲಿ ಹೋಗದ ದಿನವಿಲ್ಲ. ಅಪ್ಪಯ್ಯ ತೆಳ್ಳನೆ ತಂತಿ ಹಾಕಿ ಹಾಕಿ ಬೇಸತ್ತು, ಕೊನೆಗೆ ವೈರಿನ ಎಳೆ ಮೂರು ನಾಲ್ಕು ಸೇರಿಸಿ ಹೊಸೆದು ಬಿಗಿದುಬಿಡೋರು. "ಇನ್ನು ಹೋಗಲ್ಲ ನೋಡು!" ಆ ಹೆಮ್ಮೆ ನನ್ನ ರಕ್ತದಲ್ಲೂ ಬಂದಿತ್ತು. ಕೆಲವು ವರ್ಷದ ಹಿಂದೆ ಇದೇ ಗಾಡಿಯ ಪವರ್ ಸಾಕೆಟ್ಟಿಗೆ ಟೈರಿಗೆ ಗಾಳಿ ಹೊಡೆಯೋ ಪಂಪು, ಊಟ ತಣ್ಣಗಿಡೋ ಪೆಟ್ಟಿಗೆ ಎರಡನ್ನೂ ಸಿಕ್ಕಿಸಿ ಹಳದಿ ಬಣ್ಣದ 20ರ ಫ್ಯೂಸ್ ಹಾರಿಸಿದೆ. ಕೈಗೆ ಸಿಕ್ಕಿದ್ದು ಹಸಿರು, 30ರದು. ಹಾಕಿದೆ. ಅರ್ಧ ಗಂಟೆಯಲ್ಲಿ ಹೈವೇಯಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ, ನಡುವಿನ ಕನ್ಸೋಲಿನ ಪಕ್ಕ ತೆಳ್ಳಗೆ ಹೊಗೆ. ಮಕ್ಕಳಿಬ್ಬರೂ ಹಿಂದೆ ಬೆಲ್ಟ್ ಹಾಕಿಕೊಂಡು ಮಲಗಿದ್ದರು. ಪಕ್ಕಕ್ಕೆ ನಿಲ್ಲಿಸಿ ಇಬ್ಬರನ್ನೂ ಎಳೆದುಕೊಂಡು ಓಡಿದ್ದು ಇವತ್ತಿಗೂ ಕನಸಿನಲ್ಲಿ ಬರುತ್ತೆ. ಫ್ಯೂಸ್ ಮಾತ್ರ ಸುಟ್ಟಿರಲಿಲ್ಲ, ಹಸಿರಾಗಿ ನಗ್ತಾ ಇತ್ತು!

ಫ್ಯೂಸ್ ಇರೋದು ಸಾಕೆಟ್ಟನ್ನೋ ರೇಡಿಯೋವನ್ನೋ ಕಾಪಾಡೋಕೆ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಮುಖ್ಯವಾಗಿ ಕಾಯೋದು ವೈರನ್ನ. ವೈರಿನ ದಪ್ಪ ನೋಡಿಯೇ ಫ್ಯೂಸಿನ ನಂಬರು ಬರೆದಿರುತ್ತಾರೆ. ಕರೆಂಟು ಎರಡು ಪಟ್ಟಾದರೆ ಅದೇ ವೈರಿನಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ನೀಲಿ 15ರ ಜಾಗಕ್ಕೆ ಹಸಿರು 30 ಹಾಕಿದಿರಿ ಅಂದರೆ ಫ್ಯೂಸನ್ನ ಕಾವಲಿನಿಂದ ಬಿಡಿಸಿ, ಕಾರ್ಪೆಟ್ಟಿನ ಕೆಳಗೆ ಕಾಣದ ಹಾಗೆ ಮಲಗಿರೋ ವೈರನ್ನೇ ಫ್ಯೂಸ್ ಮಾಡಿದಿರಿ. ಅಪ್ಪಯ್ಯನ ಫ್ಯೂಸು ಕಲ್ಲುಗೋಡೆಯ ಮೇಲಿತ್ತು. ಇಲ್ಲಿರೋದು ಫೋಮು, ಪ್ಲಾಸ್ಟಿಕ್ಕು, ಪೆಟ್ರೋಲು.

ಉತ್ಪ್ರೇಕ್ಷೆ ಅನ್ನೋರಿಗೆ ಒಂದು ದಾಖಲೆಯ ವಿಷಯ. 2005ರಲ್ಲಿ ಫೋರ್ಡ್ ಕಂಪನಿ ಎಕ್ಸ್‌ಪೆಡಿಷನ್ ಸೇರಿದಂತೆ ಲಕ್ಷಗಟ್ಟಲೆ ಹಳೇ ಗಾಡಿಗಳನ್ನ ವಾಪಸು ಕರೆಸಿತು. ಕ್ರೂಸ್ ಕಂಟ್ರೋಲ್ ಕಡಿದುಹಾಕುವ ಒಂದು ಪುಟ್ಟ ಸ್ವಿಚ್ಚು ಕೀ ಆಫ್ ಆದ ಮೇಲೂ ಕರೆಂಟಿನ ಸಂಪರ್ಕದಲ್ಲೇ ಇರುತ್ತಿತ್ತು. ಅದರೊಳಗೆ ಬ್ರೇಕ್ ಎಣ್ಣೆ ಸೋರಿದರೆ ನಿಲ್ಲಿಸಿಟ್ಟ ಗಾಡಿಗೂ ಬೆಂಕಿ ಹತ್ತಬಹುದಿತ್ತು. ಈ ಸ್ವಿಚ್ಚಿನ ಸಲುವಾಗಿ 2009ರ ಹೊತ್ತಿಗೆ ವಾಪಸು ಕರೆದ ಗಾಡಿಗಳ ಲೆಕ್ಕ ಒಂದು ಕೋಟಿ ದಾಟಿತ್ತು. ಪರಿಹಾರವಾಗಿ ಹಾಕಿದ್ದೇನು? ಆ ಸ್ವಿಚ್ಚಿನ ದಾರಿಯಲ್ಲಿ, ಒಳಗೆ ಫ್ಯೂಸ್ ಇರುವ ಒಂದು ತುಂಡು ವೈರಿಂಗು. ಸರಿಯಾದ ಜಾಗದಲ್ಲಿ ಸರಿಯಾದ ಫ್ಯೂಸಿಗೆ ಅಷ್ಟು ಬೆಲೆ ಇದೆ ಸ್ವಾಮೀ.

ಹಾಗಾದರೆ ಮಾಡಬೇಕಾದ್ದೇನು? ಹೆಚ್ಚೇನಿಲ್ಲ. ಇಂಥ ದೊಡ್ಡ ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡು ಡಬ್ಬಿ. ಒಂದು ಬಾನೆಟ್ಟಿನ ಕೆಳಗೆ, ಇನ್ನೊಂದು ಡ್ಯಾಶ್‌ಬೋರ್ಡಿನ ಕೆಳಗೋ ಅದರ ತುದಿಯಲ್ಲೋ. ನಕ್ಷೆ ಮುಚ್ಚಳದಲ್ಲಿ ಅಥವಾ ಗಾಡಿಯ ಜೊತೆ ಬಂದ ಪುಸ್ತಕದಲ್ಲಿರುತ್ತೆ. ಒಂದು ಟೆಸ್ಟ್ ಲೈಟ್ ಕೊಳ್ಳಿ. ಕ್ಲಿಪ್ಪನ್ನ ಬ್ಯಾಟರಿಯ ನೆಗೆಟಿವ್‌ಗೆ ಸಿಕ್ಕಿಸಿ, ಫ್ಯೂಸಿನ ನೆತ್ತಿಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳನ್ನ ಮುಟ್ಟಿಸಿ. ಎರಡೂ ಕಡೆ ಬೆಳಗಿದರೆ ಫ್ಯೂಸ್ ಸರಿ. ಒಂದೇ ಕಡೆ ಬೆಳಗಿದರೆ ಸುಟ್ಟಿದೆ. ಎರಡೂ ಕಡೆ ಕತ್ತಲೆಯಾದರೆ ಅಲ್ಲಿಗೆ ಕರೆಂಟೇ ಬಂದಿಲ್ಲ, ಕೀ ಆನ್ ಮಾಡಿ ಮತ್ತೆ ನೋಡಿ. ಸುಟ್ಟ ಫ್ಯೂಸ್ ತೆಗೆದು ಅದೇ ನಂಬರಿನದು ಹಾಕಿ. ಅದೂ ಸುಟ್ಟರೆ ಮೂರನೆಯದು ಹಾಕಬೇಡಿ. ಫ್ಯೂಸ್ ರೋಗ ಅಲ್ಲ, ರೋಗದ ಸುದ್ದಿ ತಂದವನು. ರಿಲೇ ಅದಲು ಬದಲು ಮಾಡೋದಾದರೆ ಕೀ ಆಫ್ ಮಾಡಿ, ಮೈಮೇಲಿನ ಪಾರ್ಟ್ ನಂಬರು ಒಂದೇ ಇದ್ದರೆ ಮಾತ್ರ. ಹಾಗೇ ಡಬ್ಬಿಯ ಒಳಗೆ ಹಸಿರು ಕಿಲುಬು, ಕರಗಿದ ಪ್ಲಾಸ್ಟಿಕ್ ಇದೆಯಾ ನೋಡಿ. ಚಳಿಗಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪು ಯಾರನ್ನೂ ಬಿಡೋಲ್ಲ. ಕೈಯ ಉಂಗುರ, ಲೋಹದ ವಾಚು ತೆಗೆದಿಡಿ. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳ ತಂಟೆಗೆ ಹೋಗಬೇಡಿ.

ಇದಕ್ಕಿಂತ ಮುಂದೆ ಹೋಗಲು ಆಗದಿದ್ದರೆ ನಾಚಿಕೆಯಿಲ್ಲ, ವರ್ಕ್‌ಶಾಪಿಗೇ ಕೊಡಿ. ಆದರೆ ಒಂದು ಪ್ರಶ್ನೆ ಕೇಳಿ: "ಗಾಡಿ ಕೆಟ್ಟು ನಿಂತಿದ್ದಾಗ ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆದಿರಾ?" ವೋಲ್ಟೇಜ್ ಬಂದು, ಗ್ರೌಂಡೂ ಸರಿಯಿದ್ದು, ಪಂಪು ಸುಮ್ಮನಿದ್ದರೆ ತಪ್ಪು ಪಂಪಿನದು. ವೋಲ್ಟೇಜೇ ಬರದಿದ್ದರೆ ಟ್ಯಾಂಕು ಇಳಿಸುವ ಮಾತೇ ಇಲ್ಲ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಖುಷಿಪಡ್ತಾನೆ. ಸಿಟ್ಟು ಮಾಡಿಕೊಂಡರೆ ಬೇರೆ ವರ್ಕ್‌ಶಾಪ್ ಹುಡುಕಿ. ಈ ಒಂದು ಪ್ರಶ್ನೆ ಕೇಳಿದ್ದರೆ ನನ್ನ 1,150 ಡಾಲರ್ ಉಳೀತಿತ್ತು.

"ನಮ್ಮ ಟೈಮಿಗೂ ಬೆಲೆ ಇದೆ" ಅನ್ನೋರಿಗೆ: ಟೋ ಗಾಡಿಗೆ ಕಾದ ಒಂದೂವರೆ ಗಂಟೆ ಯಾರ ಟೈಮು? "ಈಗಿನ ಗಾಡಿಯಲ್ಲಿ ಎಲ್ಲಾ ಕಂಪ್ಯೂಟರು" ಅನ್ನೋರಿಗೆ: ನಿಜ, ಹೊಸ ಗಾಡಿಗಳಲ್ಲಿ ಎಷ್ಟೋ ಕಡೆ ಕಿತ್ತು ನೋಡೋಕೆ ರಿಲೇಯೇ ಇಲ್ಲ. ಹಾಗಾಗಿಯೇ ಹೇಳ್ತಿರೋದು, ನಮ್ಮ ಈ ಹಳೇ ಆನೆಗಳು ಇನ್ನೂ ಮುಚ್ಚಳ ತೆರೆದು ತಮ್ಮ ಹೊಟ್ಟೆ ತೋರಿಸುತ್ತವೆ. 2012ರಲ್ಲಿ ಮ್ಯಾಸಚೂಸೆಟ್ಸಿನ ಜನ ತಮ್ಮ ಕಾರನ್ನ ತಾವು ಬಯಸಿದಲ್ಲಿ ರಿಪೇರಿ ಮಾಡಿಸುವ ಹಕ್ಕಿಗಾಗಿ ಭಾರೀ ಬಹುಮತದಿಂದ ವೋಟು ಹಾಕಿದರು. ಅವರು ಹಕ್ಕಿಗೆ ಹೋರಾಡ್ತಾರೆ, ನಾವು ಎರಡು ಬೆರಳಲ್ಲಿ ತೆಗೆಯೋ ಮುಚ್ಚಳ ತೆಗೆಯೋಲ್ಲ.

ಈಗ ನಮ್ಮ ಗಾಡಿಯ ಗ್ಲವ್ ಬಾಕ್ಸಿನಲ್ಲಿ ಒಂದು ಟೆಸ್ಟ್ ಲೈಟು, ಒಂದು ರಿಲೇ, ನಂಬರಿಗೆ ಎರಡರಂತೆ ಫ್ಯೂಸುಗಳು ಇವೆ. ಪಂಪಿನ ರಿಲೇ ಯಾವುದು ಅಂತ ಹನ್ನೆರಡು ವರ್ಷದ ಮಗಳಿಗೆ ಗೊತ್ತು. ಅವಳಪ್ಪನಿಗೆ ಡಿಗ್ರಿ ಸಿಕ್ಕಿ ಇಪ್ಪತ್ತು ವರ್ಷವಾದ ಮೇಲೆ ಗೊತ್ತಾಯ್ತು.

ಬೈಯೋರು ಧಾರಾಳವಾಗಿ ಬೈಯಿರಿ. ಆದರೆ ಮೊದಲು ಹೋಗಿ ನಿಮ್ಮ ಗಾಡಿಯ ಬಾನೆಟ್ ಎತ್ತಿ, ಆ ಕಪ್ಪು ಡಬ್ಬಿಯ ಮುಚ್ಚಳ ತೆಗೆದು ನೋಡಿ ಬಂದು ಬೈಯಿರಿ. ಏನಂತೀರಿ?