ಮೊಸರು ಕೈಕೊಟ್ಟಾಗ ರೈತರನ್ನು ದೂಷಿಸುವ ಮುನ್ನ

ಮೊಸರು ತಯಾರಿಸುವ ಸಣ್ಣ ಘಟಕಗಳಲ್ಲಿ ಹೆಪ್ಪು ಹಾಕಿದ ಹಾಲು ಕೆಲವೊಮ್ಮೆ ನಿಗದಿತ ವೇಳೆಗೆ ಹುಳಿಯಾಗದೆ, ಗಟ್ಟಿಯಾಗದೆ ಉಳಿಯುತ್ತದೆ. ಆಗ ಮೊದಲು ದೂಷಣೆಗೆ ಗುರಿಯಾಗುವವರು ಹಾಲು ಪೂರೈಸಿದ ರೈತರು. ಅನಂತರ ರಾತ್ರಿ ಪಾಳಿಯ ಕಾರ್ಮಿಕರು. ಇವರಾರೂ ಕಾರಣರಲ್ಲದಿರುವ ಸಂಭವವೂ ಉಂಟು. ಹೆಪ್ಪಿನ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುವ ಬ್ಯಾಕ್ಟೀರಿಯೋಫೇಜ್ ಎಂಬ ವೈರಸ್ ಈ ನಷ್ಟದ ಹಿಂದಿರಬಹುದೆಂಬುದನ್ನು ನಮ್ಮ ಉದ್ಯಮಿಗಳು ಅರಿಯಬೇಕಾಗಿದೆ.

ಇದು ಹೊಸ ಸಂಗತಿಯೇನಲ್ಲ. ನ್ಯೂಜಿಲೆಂಡಿನ ಚೀಸ್ ಉದ್ಯಮದಲ್ಲಿ ಹೆಪ್ಪು ವಿಫಲವಾಗಲು ಈ ವೈರಸ್ ಕಾರಣವೆಂದು ವೈಟ್‌ಹೆಡ್ ಮತ್ತು ಕಾಕ್ಸ್ ಎಂಬ ವಿಜ್ಞಾನಿಗಳು 1935ರಲ್ಲಿಯೇ ವರದಿ ಮಾಡಿದ್ದರು. ಹುದುಗಿಸಿದ ಮಾಂಸದ ಸಾಸೇಜುಗಳಲ್ಲಿಯೂ ಇಂತಹ ವೈರಸ್‌ಗಳು ಕಂಡುಬಂದಿವೆ. ಆದರೆ ಮಾಂಸ ಘನವಾದುದರಿಂದ ಅಲ್ಲಿ ಅವು ಸುಲಭವಾಗಿ ಹರಡಲಾರವು. ಹಾಲಿನಲ್ಲಾದರೋ ಇಡೀ ತೊಟ್ಟಿಯನ್ನೇ ವ್ಯಾಪಿಸುತ್ತವೆ. ಸೋಂಕು ತಗುಲಿದ ಒಂದು ಜೀವಕೋಶ ಒಡೆದರೆ ಹತ್ತಾರು, ಕೆಲವೊಮ್ಮೆ ನೂರಾರು ವೈರಸ್‌ಗಳು ಹೊರಬೀಳುತ್ತವೆ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡುಗಳ ಪಾಶ್ಚರೀಕರಣವನ್ನು ತಾಳಿಕೊಳ್ಳುವ ಬಗೆಗಳೂ ಇವೆ. ಇವು ಮನುಷ್ಯರಿಗೆ ಸೋಂಕು ತಗುಲಿಸುವುದಿಲ್ಲ. ಆದರೆ ಹುಳಿಯಾಗುವುದು ತಡವಾದಷ್ಟೂ ಹಾನಿಕರ ಜೀವಾಣುಗಳು ಬೆಳೆಯಲು ಅವಕಾಶವಾಗುತ್ತದೆ.

ಹಾಲಿನಲ್ಲಿ ಆಂಟಿಬಯೋಟಿಕ್ ಔಷಧಿಯ ಅಂಶ ಉಳಿದಿದ್ದರೂ ಮೊಸರು ಕೆಡುತ್ತದೆ. ಆದುದರಿಂದ ಅದೇ ಹಾಲಿನ ಒಂದು ಪಾಲಿಗೆ ಬೇರೆ ತಳಿಯ ತಾಜಾ ಹೆಪ್ಪು ಹಾಕಿ ನೋಡುವುದು ಲೇಸು. ವೈರಸ್ ಸಾಮಾನ್ಯವಾಗಿ ತನಗೆ ಒಗ್ಗಿದ ತಳಿಯನ್ನಷ್ಟೇ ಬಾಧಿಸುತ್ತದೆ. ಹೊಸ ಹೆಪ್ಪು ಫಲಿಸಿದರೆ ದೋಷ ಹಾಲಿನದಲ್ಲ, ಹಳೆಯ ಹೆಪ್ಪಿನದೆಂದು ಶಂಕಿಸಬೇಕು. ಎರಡೂ ಸೋತರೆ ಹಾಲನ್ನು ಪರೀಕ್ಷೆಗೆ ಕಳುಹಿಸಬೇಕು.

ನಿನ್ನೆಯ ಮೊಸರನ್ನೇ ಇಂದಿನ ಹೆಪ್ಪಾಗಿಸುವುದು ಮನೆಗೆ ಸರಿ, ಕಾರ್ಖಾನೆಗೆ ತರವಲ್ಲ. ಉಳಿತಾಯವೆಂದು ತೋರುವ ಈ ಪದ್ಧತಿ ವೈರಸ್ಸನ್ನೂ ದಿನದಿಂದ ದಿನಕ್ಕೆ ಸಾಗಿಸುತ್ತದೆ. ಭಿನ್ನ ತಳಿಗಳ ಹೆಪ್ಪನ್ನು ಸರದಿಯಂತೆ ಬಳಸುವುದು, ಹೆಪ್ಪಿನ ಕೋಣೆಯನ್ನು ಪ್ರತ್ಯೇಕವಾಗಿಡುವುದು, ಚೆಲ್ಲಿದ ಮೊಸರನ್ನು ಒಡನೆಯೇ ತೊಳೆಯುವುದು, ಪಾತ್ರೆಗಳನ್ನು ಕ್ಲೋರಿನ್ ದ್ರಾವಣದಿಂದ ಶುದ್ಧಗೊಳಿಸುವುದು ದುಬಾರಿ ಕ್ರಮಗಳೇನಲ್ಲ. ಇವುಗಳಿಗೆ ಬೇಕಾದುದು ಶಿಸ್ತು.

ಪ್ರತಿಯೊಂದು ಸಣ್ಣ ಘಟಕವೂ ಸ್ವಂತ ಪ್ರಯೋಗಾಲಯ ಹೊಂದುವುದು ಸಾಧ್ಯವಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ಹಾಗೂ ಬೆಂಗಳೂರಿನ ಎನ್‌ಡಿಆರ್‌ಐ ದಕ್ಷಿಣ ಪ್ರಾದೇಶಿಕ ಕೇಂದ್ರಗಳೊಡನೆ ನಮ್ಮ ವಾಣಿಜ್ಯ ಸಂಸ್ಥೆಯು ಸಮಾಲೋಚಿಸಿ, ಸದಸ್ಯರಿಗಾಗಿ ಸಾಮೂಹಿಕ ಪರೀಕ್ಷೆ ಮತ್ತು ತರಬೇತಿಯ ವ್ಯವಸ್ಥೆ ಮಾಡುವುದು ಸೂಕ್ತ. ಕಾರಣ ತಿಳಿಯದೆ ರೈತರ ಹಣ ಕಡಿತಗೊಳಿಸುವುದು ನ್ಯಾಯವೂ ಅಲ್ಲ, ಜಾಣ ವ್ಯಾಪಾರವೂ ಅಲ್ಲ. ಇಂದು ಕಳೆದುಕೊಂಡ ರೈತರು ನಾಳೆ ಹಾಲು ತರಲಾರರು.