ಯುಗಾದಿಗೊಂದು, ದಸರೆಗೊಂದು ಸ್ಕ್ಯಾನಿಂಗ್

ಲಿವರ್ ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, ‘ತೋಟ ಮಾರಿಯಾದರೂ ಲಿವರ್ ಬದಲಾಯಿಸಿಬಿಡೋಣ’. ಇನ್ನೊಂದು, ‘ಇನ್ನೇನಿದ್ದರೂ ದೇವರ ಮೇಲೆ ಭಾರ’. ಕಂದಿಕೆರೆ ಸುತ್ತಿನ ತೆಂಗಿನ ಸೀಮೆಯಲ್ಲಿ ರೋಗಿಗಳನ್ನು ನೋಡುವ ನನಗೆ ಎರಡೂ ಅವಸರದ ಮಾತುಗಳೆಂದೇ ಅನಿಸುತ್ತದೆ. ತೋಟದ ಬೆಲೆ ಕೇಳುವ ಮೊದಲು ಗಡ್ಡೆಯ ಅಳತೆ ಕೇಳಬೇಕು.

ಇಟಲಿಯ ಮಿಲಾನ್ ನಗರದ ವೈದ್ಯರು 1996ರಲ್ಲಿ 48 ರೋಗಿಗಳ ಕಸಿಯ ಫಲಿತಾಂಶ ಪ್ರಕಟಿಸಿದರು. ಗಡ್ಡೆ ಒಂದೇ ಇದ್ದರೆ 5 ಸೆಂಟಿಮೀಟರ್ ಮೀರಿರಬಾರದು. ಎರಡು-ಮೂರು ಇದ್ದರೆ ಪ್ರತಿಯೊಂದೂ 3 ಸೆಂಟಿಮೀಟರ್ ಒಳಗಿರಬೇಕು. ರಕ್ತನಾಳಕ್ಕೆ ನುಗ್ಗಿರಬಾರದು, ಬೇರೆ ಅಂಗಕ್ಕೆ ಹರಡಿರಬಾರದು. ಹೀಗೆ ಆಯ್ದವರಲ್ಲಿ ನಾಲ್ಕು ವರ್ಷ ಬದುಕಿ ಉಳಿದವರ ಪ್ರಮಾಣ ಶೇ. 75. ಆಮೇಲೆ ಕೆಲವು ಕಡೆ ಈ ನಿಯಮವನ್ನು ತುಸು ಸಡಿಲಿಸಿದ್ದಾರೆ, ಆದರೆ ಮೂಲ ಅಳತೆಗೋಲು ಇಂದಿಗೂ ಇದೇ. ಐದು ಸೆಂಟಿಮೀಟರ್ ಎಂದರೆ ಹೆಚ್ಚೆಂದರೆ ಒಂದು ನಿಂಬೆಹಣ್ಣು. ಇದಕ್ಕಿಂತ ದೊಡ್ಡ ಗಡ್ಡೆಯ ಕಣಗಳು ರಕ್ತದಲ್ಲಿ ಸೇರಿಹೋಗಿರುವ ಸಂಭವ ಹೆಚ್ಚು. ದೇಹ ಹೊಸ ಲಿವರನ್ನು ತಿರಸ್ಕರಿಸದಿರಲೆಂದು ಜೀವನವಿಡೀ ಕೊಡುವ ಔಷಧಿಗಳು ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುವುದರಿಂದ, ಆ ಕಣಗಳು ಹೊಸ ಲಿವರಿನಲ್ಲೇ ಮತ್ತೆ ಬೇರೂರಬಹುದು. ಆಗ ತೋಟವೂ ಇಲ್ಲ, ಮನೆಯ ಯಜಮಾನನೂ ಇಲ್ಲ.

ತೊಂದರೆಯೆಂದರೆ, ನಿಂಬೆಹಣ್ಣಿನಷ್ಟಿರುವಾಗ ಈ ಗಡ್ಡೆ ನೋಯುವುದಿಲ್ಲ. ಹಸಿವು ಕುಗ್ಗಿ, ತೂಕ ಇಳಿದು, ಬಲಪಕ್ಕೆಯ ಕೆಳಗೆ ಭಾರವೆನಿಸಿ, ಹೊಟ್ಟೆಯಲ್ಲಿ ನೀರು ತುಂಬುವ ಹೊತ್ತಿಗೆ ಅಳತೆ ಮೀರಿರುತ್ತದೆ. ಅಷ್ಟರಲ್ಲಿ ಎರಡು-ಮೂರು ತಿಂಗಳು ಕಾಮಾಲೆಗೆಂದು ನಾಟಿ ಔಷಧಿ ಕುಡಿದಿರುವವರೂ ಉಂಟು. ಕಣ್ಣು ಹಳದಿಯಾದರೆ ಮೊದಲು ರಕ್ತಪರೀಕ್ಷೆ ಮಾಡಿಸಿ ಎಂದರೆ ನಮ್ಮ ಕಡೆ ಈಗಲೂ ನಗುವವರಿದ್ದಾರೆ!

ಆದರೆ ಈ ಕ್ಯಾನ್ಸರ್ ಯಾರಿಗೆ ಬರಬಹುದೆಂದು ಮುಂಚಿತವಾಗಿಯೇ ಹೇಳಲು ಬಹುಮಟ್ಟಿಗೆ ಸಾಧ್ಯ. ಕುಡಿತದಿಂದಲೋ, ಹೆಪಟೈಟಿಸ್ ಬಿ ಅಥವಾ ಸಿ ವೈರಸ್ಸಿನಿಂದಲೋ, ಸಕ್ಕರೆ ಕಾಯಿಲೆ-ಬೊಜ್ಜಿನ ಜೊತೆ ಬರುವ ಕೊಬ್ಬಿನಿಂದಲೋ ಲಿವರ್ ಗಂಟುಗಂಟಾಗಿ ಗಡುಸಾಗುವುದೇ ಸಿರೋಸಿಸ್. ಲಿವರ್ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಇಂಥ ಲಿವರಿನಲ್ಲಿಯೇ. ಹೆಪಟೈಟಿಸ್ ಬಿ ಇರುವವರಲ್ಲಿ ಸಿರೋಸಿಸ್ ಇಲ್ಲದೆಯೂ ಬರಬಹುದು. ಸಿರೋಸಿಸ್ ಎಂದು ಗೊತ್ತಾದವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸಬೇಕು. ಜೊತೆಗೆ ಎಎಫ್‌ಪಿ ಎಂಬ ರಕ್ತಪರೀಕ್ಷೆಯೂ ಆದರೆ ಒಳ್ಳೆಯದು. ತಾರೀಖು ಮರೆತುಹೋಗುತ್ತದೆ ಎನ್ನುವವರಿಗೆ ನಾನು ಹೇಳುವುದು ಯುಗಾದಿಗೊಂದು, ದಸರೆಗೊಂದು. ಕುಡಿತ ಬಿಟ್ಟು ಐದು ವರ್ಷವಾಯಿತೆಂದು ಇದನ್ನು ಕೈಬಿಡಬಾರದು.

ಕೊಬ್ಬರಿ ಸೀಮೆಯವರಿಗೆ ಇನ್ನೊಂದು ಮಾತು. ಸರಿಯಾಗಿ ಒಣಗದ ಕೊಬ್ಬರಿ, ಕಡಲೆಕಾಯಿ, ಮೆಕ್ಕೆಜೋಳದ ಮೇಲೆ ಬೆಳೆಯುವ ಒಂದು ಜಾತಿಯ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷ ಉತ್ಪಾದಿಸುತ್ತದೆ. ಇದೂ ಲಿವರ್ ಕ್ಯಾನ್ಸರಿಗೆ ಕಾರಣ. ಹೆಪಟೈಟಿಸ್ ಬಿ ಇದ್ದವರಿಗೆ ಅಪಾಯ ಹಲವು ಪಟ್ಟು. ಒರೆಸಿದರೂ ಹುರಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಅಟ್ಟದ ಮೇಲೆ ಚೆನ್ನಾಗಿ ಒಣಗಿದ ಉಂಡೆ ಕೊಬ್ಬರಿಗೆ ಹೆದರಬೇಕಿಲ್ಲ. ಒಳ್ಳೆಯದನ್ನೆಲ್ಲ ತಿಪಟೂರಿನ ಮಾರುಕಟ್ಟೆಗೆ ಕಳಿಸಿ, ಬೂಷ್ಟು ಹಿಡಿದದ್ದನ್ನು ಮನೆಯ ಚಟ್ನಿಗೆ ಇಟ್ಟುಕೊಳ್ಳುವ ಉಳಿತಾಯ ಬೇಡ. ಅಂಥ ಹಿಂಡಿಯನ್ನು ಹಸುವಿಗೆ ಹಾಕಿದರೆ ಹಾಲಿಗೂ ವಿಷ ಇಳಿಯುತ್ತದೆ.

ಇನ್ನು ಕಸಿಯ ವಿಚಾರ. ಮಾವಿನ ಗಿಡಕ್ಕೆ ಕಸಿ ಕಟ್ಟಿದಂತೆ ಇದ್ದುದಕ್ಕೇ ತುಂಡು ಅಂಟಿಸುವುದಲ್ಲ, ಹಳೆಯ ಲಿವರನ್ನು ಪೂರ್ತಿ ತೆಗೆಯುತ್ತಾರೆ. ಹಾಗಾಗಿ ಸಿರೋಸಿಸ್, ಕ್ಯಾನ್ಸರ್ ಎರಡೂ ಒಟ್ಟಿಗೆ ಹೋಗುತ್ತವೆ. ಹತ್ತಿರದ ಸಂಬಂಧಿಯೊಬ್ಬರು ತಮ್ಮ ಲಿವರಿನ ಒಂದು ಭಾಗ ಕೊಡಬಹುದು, ಉಳಿದದ್ದು ಕೆಲವೇ ತಿಂಗಳಲ್ಲಿ ಬಹುಪಾಲು ಬೆಳೆದುಕೊಳ್ಳುತ್ತದೆ. ಆದರೂ ದಾನಿಯ ಜೀವಕ್ಕೆ ಸಣ್ಣ ಪ್ರಮಾಣದ ಅಪಾಯ ಇದ್ದೇ ಇದೆ. ನಮ್ಮ ದೇಶದಲ್ಲಿ ಹೀಗೆ ಅಂಗ ಕೊಡುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹೆಂಡತಿ ತಾನಾಗಿ ಒಪ್ಪಿದಳೋ, ಹತ್ತು ಜನ ಕೂತು ಒಪ್ಪಿಸಿದರೋ ಎಂಬುದನ್ನು ವೈದ್ಯರು ಆಕೆಯನ್ನು ಒಬ್ಬಳನ್ನೇ ಕೂರಿಸಿ ಕೇಳಬೇಕು. ಮಿದುಳು ನಿಷ್ಕ್ರಿಯವಾದವರ ಅಂಗಗಳು ಹೆಚ್ಚು ಸಿಕ್ಕರೆ ಈ ಒತ್ತಡ ಎಷ್ಟೋ ಇಳಿಯುತ್ತದೆ. ಕಡೂರು ತಾಲ್ಲೂಕಿನ ಪಂಚನಹಳ್ಳಿಯವರಾದ ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೈಕ್ ಅಪಘಾತಕ್ಕೀಡಾದಾಗ ಅವರ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ರಾಜ್ಯದಲ್ಲಿ ಇಂಥ ದಾನದ ಉಸ್ತುವಾರಿ ‘ಜೀವಸಾರ್ಥಕತೆ’ ಸಂಸ್ಥೆಯದು. ಕಾಯುವವರ ಹೆಸರು ನೋಂದಾಯಿಸುವುದೂ ಅದರ ಮೂಲಕವೇ.

ಕಸಿ ಸಾಧ್ಯವಿಲ್ಲ ಎಂದ ಮಾತ್ರಕ್ಕೆ ಚಿಕಿತ್ಸೆಯೇ ಇಲ್ಲವೆಂದಲ್ಲ. ಲಿವರಿನ ಉಳಿದ ಭಾಗ ಗಟ್ಟಿಯಿದ್ದರೆ ಗಡ್ಡೆಯಷ್ಟನ್ನೇ ಕತ್ತರಿಸಬಹುದು, ಸಣ್ಣದಾದರೆ ಸೂಜಿಯ ಶಾಖದಿಂದ ಸುಡಬಹುದು, ದೊಡ್ಡದಾದರೆ ಅದರ ರಕ್ತನಾಳಕ್ಕೇ ಔಷಧಿ ತುಂಬಿ ಕುಗ್ಗಿಸಬಹುದು. ಹಾಗೆ ಕುಗ್ಗಿ ಅಳತೆಯೊಳಗೆ ಬಂದವರಿಗೆ ಮುಂದೆ ಕಸಿ ಆದದ್ದೂ ಇದೆ. ಯಾವುದೂ ಆಗದ ಹಂತದಲ್ಲಿ ನೋವು ತಗ್ಗಿಸುವುದು, ಹೊಟ್ಟೆಯ ನೀರು ತೆಗೆಯುವುದು ಸಹ ಚಿಕಿತ್ಸೆಯೇ. ಆಗ ‘ತೋಟ ಮಾರಬೇಡಿ’ ಎಂದು ಬಾಯಿಬಿಟ್ಟು ಹೇಳುವುದು ವೈದ್ಯನ ಕರ್ತವ್ಯ.

ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. 1984ರಲ್ಲಿ ಈ ಲಸಿಕೆ ಆರಂಭಿಸಿದ ತೈವಾನಿನಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಗಣನೀಯವಾಗಿ ಇಳಿದಿದೆ. ಹೆಪಟೈಟಿಸ್ ಸಿ ಇದ್ದವರಿಗೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ ವೈರಸ್ ಹೋಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಆ ಮಾತ್ರೆಗಳಿಗೂ ಹಣವಿಲ್ಲ. ಆದರೆ ಸಿರೋಸಿಸ್ ಆಗಿದ್ದವರು ವೈರಸ್ ಹೋದ ಮೇಲೂ ಸ್ಕ್ಯಾನಿಂಗ್ ನಿಲ್ಲಿಸಬಾರದು. ದಸರೆಗೆ ಬರುವಾಗ ಯುಗಾದಿಯ ವರದಿಯನ್ನೂ ಚೀಲದಲ್ಲಿ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಣ್ಣ ಬದಲಾವಣೆಯೂ ಬೇಗ ಕಣ್ಣಿಗೆ ಬೀಳುತ್ತದೆ.