ಮಿಡ್‌ಫೀಲ್ಡರ್‌ಗೆ ಬೈಯುವ ಮೊದಲು

ಸೋತ ದಿನ ಫುಟ್‌ಬಾಲ್ ಅಭಿಮಾನಿಗಳಿಗೆ ಬೈಯಲು ಒಬ್ಬರು ಬೇಕು. ಸುಲಭದ ಗೋಲು ಬಿಟ್ಟಿದ್ದರೆ ಕೀಪರ್ ಸಿಗುತ್ತಾರೆ. ಕಾಲಿಗೆ ಬಂದ ಚೆಂಡನ್ನು ಹೊರಗೆ ಹೊಡೆದಿದ್ದರೆ ಸ್ಟ್ರೈಕರ್ ಸಿಗುತ್ತಾರೆ. ಇವೆರಡೂ ಇಲ್ಲದೆ ತಂಡ ಸುಮ್ಮನೆ ಸಪ್ಪೆಯಾಗಿ ಆಡಿದ್ದರೆ, ಎಲ್ಲರ ಬೆರಳು ಹೋಗುವುದು ಆ ವರ್ಷ ಹೊಸದಾಗಿ ಬಂದ ಮಿಡ್‌ಫೀಲ್ಡರ್ ಕಡೆಗೆ. "ಇವನನ್ನು ಯಾಕೆ ತಂದರು?" ಎಂದು ಕೇಳುತ್ತೇವೆ. ಕೇಳುವುದು ತಪ್ಪಲ್ಲ. ಆದರೆ ಕೇಳಿದ ಮೇಲೆ ಉತ್ತರವನ್ನೂ ಹುಡುಕಬೇಕು. ನಾವು ಹುಡುಕುವುದಿಲ್ಲ ಎಂಬುದೇ ನನ್ನ ತಕರಾರು.

ನಮ್ಮ ರಾಜ್ಯದ ತಂಡದಿಂದಲೇ ಶುರು ಮಾಡೋಣ. 2018ರ ಮಾರ್ಚ್ 17ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಫೈನಲ್ ನಡೆಯಿತು. ಬೆಂಗಳೂರು ಎಫ್‌ಸಿಗೆ ಅದು ಐಎಸ್‌ಎಲ್‌ನಲ್ಲಿ ಮೊದಲ ಸೀಸನ್. ಸುನಿಲ್ ಛೆಟ್ರಿ 9ನೇ ನಿಮಿಷದಲ್ಲೇ ಗೋಲು ಹೊಡೆದರು. ಆದರೂ ಚೆನ್ನೈಯಿನ್ ಎಫ್‌ಸಿ 3-2ರಿಂದ ಗೆದ್ದಿತು. ಅವರ ಮೂರನೇ ಗೋಲು ಹೊಡೆದವರು ಬ್ರೆಜಿಲ್‌ನ ಮಿಡ್‌ಫೀಲ್ಡರ್ ರಫೇಲ್ ಆಗಸ್ಟೋ. ಮರುವರ್ಷ ಬೆಂಗಳೂರು ಕಪ್ ಗೆದ್ದಿತು. ಅದಾದ ಮೇಲೆ, 2019ರಲ್ಲಿ, ಅದೇ ರಫೇಲ್ ಅವರನ್ನು ತನ್ನ ತಂಡಕ್ಕೆ ಕರೆತಂದಿತು.

ಕಪ್ ಗೆದ್ದ ತಂಡ, ಜೊತೆಗೆ ನಮ್ಮನ್ನೇ ಅಳಿಸಿದ್ದ ಆಟಗಾರ ಈಗ ನಮ್ಮ ಕಡೆ. ನಿರೀಕ್ಷೆ ಎಷ್ಟಿತ್ತೆಂದು ಹೇಳಬೇಕಿಲ್ಲ. ಆದರೆ ಚೆನ್ನೈಯಿನ್ ತಂಡದಲ್ಲಿ ಕಂಡ ರಫೇಲ್ ಇಲ್ಲಿ ಕಾಣಲಿಲ್ಲ. ಗಾಯವೂ ಕಾಡಿತು. 2019-20ರ ಲೀಗ್‌ನಲ್ಲಿ ಬೆಂಗಳೂರು ಮೂರನೇ ಸ್ಥಾನಕ್ಕೆ ಬಂತು. ಸೆಮಿಫೈನಲ್‌ನಲ್ಲಿ ಎಟಿಕೆ ವಿರುದ್ಧ ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ 3-2ರಿಂದ ಸೋತಿತು. 2020ರಲ್ಲಿ ರಫೇಲ್ ಹೊರಟುಹೋದರು. ಇವತ್ತಿಗೂ ಅಭಿಮಾನಿಗಳು ಕೂತು ಬೆಂಗಳೂರಿನ ಕೈಕೊಟ್ಟ ವಿದೇಶಿ ಆಟಗಾರರ ಪಟ್ಟಿ ಮಾಡಿದರೆ ಅವರ ಹೆಸರು ಬರುತ್ತದೆ.

ಆದರೆ ಆ ವರ್ಷ ತಂಡದಲ್ಲಿ ಬದಲಾಗಿದ್ದು ರಫೇಲ್ ಒಬ್ಬರೇ ಅಲ್ಲ. ಅದಕ್ಕೂ ಹಿಂದೆ ಎರಡು ಸೀಸನ್ ಮುಂದೆ ನಿಂತು ಗೋಲು ಹೊಡೆದಿದ್ದ ವೆನೆಜುವೆಲಾದ ಮಿಕು ತಂಡ ಬಿಟ್ಟಿದ್ದರು. ಹಿಂದಿನಿಂದ ಎಂಥ ಪಾಸ್ ಬಂದರೂ ಅದನ್ನು ಗೋಲು ಮಾಡಲು ಮುಂದೆ ಒಬ್ಬರು ಬೇಕಲ್ಲ? ಆ ಜಾಗಕ್ಕೆ ಬಂದ ಸ್ಪೇನ್‌ನ ಮ್ಯಾನುಯೆಲ್ ಓನ್ವು ಬೆಂಗಳೂರಿನಲ್ಲಿ ಮಿಂಚಲಿಲ್ಲ. ಸೀಸನ್ ಮಧ್ಯದಲ್ಲಿ ಅವರನ್ನು ಲೋನ್ ಮೇಲೆ ಒಡಿಶಾ ಎಫ್‌ಸಿಗೆ ಕಳಿಸಿದರು. ಅಲ್ಲಿ ಅವರು 4 ಪಂದ್ಯಗಳಲ್ಲಿ 7 ಗೋಲು ಹೊಡೆದರು! ಮನುಷ್ಯ ಅದೇ, ಕಾಲು ಅದೇ, ಸೀಸನ್ ಕೂಡ ಅದೇ. ಬೇರೆಯಾಗಿದ್ದು ಜೊತೆಯಲ್ಲಿ ಆಡಿದವರು ಮತ್ತು ಆಡಿಸಿದ ರೀತಿ. ಬೆಂಗಳೂರಿನಲ್ಲಿ ಅವರಿಗೆ "ವೇಸ್ಟ್" ಎಂದವರು ಈಗ ಏನು ಹೇಳುತ್ತಾರೆ?

ಸ್ಟ್ರೈಕರ್‌ಗಾದರೆ ಹೀಗೆ ಗೋಲಿನ ಲೆಕ್ಕ ಕೊಟ್ಟು ವಾದ ಮಾಡಬಹುದು. ಮಿಡ್‌ಫೀಲ್ಡರ್ ಕಷ್ಟ ಏನೆಂದರೆ ಅವನ ಅರ್ಧ ಕೆಲಸ ಲೆಕ್ಕಕ್ಕೇ ಸಿಗುವುದಿಲ್ಲ. ಎದುರಾಳಿ ಪಾಸ್ ಕೊಡಬೇಕೆಂದಿದ್ದ ದಾರಿಯಲ್ಲಿ ಹೋಗಿ ನಿಲ್ಲುವುದು, ಬ್ಯಾಕ್ ಮುಂದೆ ಓಡಿದಾಗ ಅವನ ಜಾಗ ಕಾಯುವುದು, ಚೆಂಡಿಲ್ಲದೆ ಓಡಿ ಒಬ್ಬ ಡಿಫೆಂಡರ್‌ನನ್ನು ತನ್ನ ಹಿಂದೆ ಎಳೆದುಕೊಂಡು ಹೋಗುವುದು. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ನಮ್ಮ ಕಣ್ಣು ಕ್ಯಾಮೆರಾದ ಹಿಂದೆ ಹೋಗುತ್ತದೆ. ಮೊಬೈಲಿನಲ್ಲಿ ಹೈಲೈಟ್ಸ್ ಮಾತ್ರ ನೋಡುವವರಿಗಂತೂ ಇದು ಒಂದು ಸೆಕೆಂಡ್ ಕೂಡ ಕಾಣುವುದಿಲ್ಲ.

ಎನ್‌ಗೋಲೋ ಕಾಂಟೆ ಇದಕ್ಕೆ ಒಳ್ಳೆಯ ಉದಾಹರಣೆ. 2015-16ರಲ್ಲಿ ಲೆಸ್ಟರ್ ಸಿಟಿ, 2016-17ರಲ್ಲಿ ಚೆಲ್ಸಿ, ಹೀಗೆ ಎರಡು ಬೇರೆ ಬೇರೆ ತಂಡಗಳ ಜೊತೆ ಅವರು ಸತತವಾಗಿ ಎರಡು ಸಲ ಪ್ರೀಮಿಯರ್ ಲೀಗ್ ಗೆದ್ದರು. ಲೀಗ್‌ನಲ್ಲಿ ಅವರು ಹೊಡೆದದ್ದು ಸೀಸನ್‌ಗೆ ಒಂದೇ ಒಂದು ಗೋಲು. ಗೋಲು ಎಣಿಸಿದರೆ ಕಾಂಟೆ ಫೇಲ್!

ಈಗ ಅವರ ಜೊತೆಗಾರ ಪಾಲ್ ಪೋಗ್ಬಾ ಅವರನ್ನು ನೋಡಿ. 2016ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಯುವೆಂಟಸ್‌ಗೆ 8.9 ಕೋಟಿ ಪೌಂಡ್ ಕೊಟ್ಟು ಅವರನ್ನು ತಂದಿತು. ಆಗ ಅದು ವಿಶ್ವ ದಾಖಲೆ. 2018ರ ವಿಶ್ವಕಪ್ ಫೈನಲ್‌ನಲ್ಲಿ ಅವರು ಫ್ರಾನ್ಸ್ ಪರ ಗೋಲು ಹೊಡೆದು ಕಪ್ ಎತ್ತಿದರು. ಅದೇ ಪೋಗ್ಬಾ ಅವರನ್ನು 2022ರ ಏಪ್ರಿಲ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಸ್ವಂತ ಅಭಿಮಾನಿಗಳೇ ಕೂಗಿ ಅಣಕಿಸಿದರು. ಫ್ರಾನ್ಸ್ ತಂಡದಲ್ಲಿ ಅವರ ಪಕ್ಕದಲ್ಲಿ ಕಾಂಟೆ ಇದ್ದರು. ಹಿಂದೆ ಕಾಯಲು ಕಾಂಟೆ ಇದ್ದುದರಿಂದ ಪೋಗ್ಬಾ ಧೈರ್ಯವಾಗಿ ಮುಂದೆ ಹೋಗುತ್ತಿದ್ದರು. ಕ್ಲಬ್‌ನಲ್ಲಿ ಅಂಥವರು ಇರಲಿಲ್ಲ. ಪೋಗ್ಬಾ ತಪ್ಪೇ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ಒಬ್ಬ ಮಿಡ್‌ಫೀಲ್ಡರ್ ಚೆನ್ನಾಗಿ ಆಡುವುದೂ ಆಡದಿರುವುದೂ ಅವನೊಬ್ಬನ ಕೈಯಲ್ಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

"ಅಷ್ಟು ದುಡ್ಡು ಕೊಟ್ಟಿದ್ದಾರಲ್ಲ" ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಕಾಮರ್ಸ್ ವಿದ್ಯಾರ್ಥಿಯಾಗಿ ಇದಕ್ಕೆ ಉತ್ತರ ಕೊಡಬೇಕು. ಮೊದಲನೆಯದಾಗಿ, ವರ್ಗಾವಣೆ ಹಣ ಹೋಗುವುದು ಹಳೆಯ ಕ್ಲಬ್‌ಗೆ. ಆ ಬೆಲೆ ಕಟ್ಟಿದ್ದು ಆಟಗಾರನಲ್ಲ. ಎರಡನೆಯದಾಗಿ, ಅಕೌಂಟೆನ್ಸಿಯಲ್ಲಿ ನಾವು ಸವಕಳಿ ಕಲಿತಿದ್ದೇವೆ. ಮೆಷಿನ್ ತಂದರೆ ಅದರ ಪೂರ್ತಿ ಬೆಲೆಯನ್ನು ಮೊದಲ ವರ್ಷದ ಖರ್ಚಿಗೆ ಬರೆಯುವುದಿಲ್ಲ, ಅದು ಬಾಳುವ ವರ್ಷಗಳಿಗೆ ಹಂಚುತ್ತೇವೆ. ಕ್ಲಬ್‌ಗಳೂ ಆಟಗಾರನಿಗೆ ಕೊಟ್ಟ ಹಣವನ್ನು ಹೀಗೆಯೇ ಒಪ್ಪಂದದ ವರ್ಷಗಳಿಗೆ ಹಂಚುತ್ತವೆ. 8.9 ಕೋಟಿಯನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1.78 ಕೋಟಿ. ಕ್ಲಬ್ ಐದು ವರ್ಷಕ್ಕೆ ಹಂಚಿದ ಲೆಕ್ಕವನ್ನು ನಾವು ಐದು ಪಂದ್ಯಕ್ಕೇ ಚುಕ್ತಾ ಮಾಡಿಬಿಡುತ್ತೇವೆ.

ಲೆಕ್ಕ ಬೇಡವೆಂದರೆ ತೋಟ ನೋಡಿ. ನರ್ಸರಿಯಿಂದ ತಂದು ನೆಟ್ಟ ಕಾಫಿ ಗಿಡ ಫಸಲಿಗೆ ಬರಲು ಮೂರು-ನಾಲ್ಕು ವರ್ಷ ಬೇಕು. ಮೊದಲ ವರ್ಷ ಹಣ್ಣು ಬಿಡಲಿಲ್ಲ ಎಂದು ನಮ್ಮ ಕಡೆ ಯಾರೂ ಗಿಡ ಕಿತ್ತು ಎಸೆಯುವುದಿಲ್ಲ. ಗಿಡ ಸೊರಗಿದ್ದರೆ ನೆರಳು ಹೆಚ್ಚಾಯಿತೇ, ಬುಡದಲ್ಲಿ ನೀರು ನಿಲ್ಲುತ್ತಿದೆಯೇ ಎಂದು ನೋಡುತ್ತಾರೆ. ಫುಟ್‌ಬಾಲ್ ತಂಡ ಅಷ್ಟು ವರ್ಷ ಕಾಯಲಾಗದು, ಒಪ್ಪುತ್ತೇನೆ. ಆದರೆ ಬುಡ ನೋಡುವಷ್ಟು ವ್ಯವಧಾನ ಇರಬೇಕಲ್ಲವೇ?

ಅಭಿಮಾನಿಗಳ ಸಿಟ್ಟು ಸುಳ್ಳಲ್ಲ. ಇಲ್ಲಿಂದ ರಾತ್ರಿ ಬಸ್ ಹತ್ತಿ, ಟಿಕೆಟ್ ತೆಗೆದುಕೊಂಡು ಪಂದ್ಯ ನೋಡಲು ಹೋಗುವವರಿಗೆ ಆಟ ಕೆಟ್ಟದಾಗಿದ್ದರೆ ಕೆಟ್ಟದಾಗಿತ್ತು ಎನ್ನುವ ಹಕ್ಕಿದೆ. ಎಲ್ಲರೂ ಸುಮ್ಮನೆ ಚಪ್ಪಾಳೆ ಹೊಡೆಯುತ್ತಿದ್ದರೆ ಯಾವ ತಂಡವೂ ಸುಧಾರಿಸುವುದಿಲ್ಲ. ಆದರೆ "ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡಲಿಲ್ಲ" ಎನ್ನುವುದು ಟೀಕೆ. "ಇವನು ದಂಡ" ಎನ್ನುವುದು ಟೀಕೆಯಲ್ಲ. ಮೊದಲನೆಯದನ್ನು ಕೇಳಿದವನು ಮುಂದಿನ ಪಂದ್ಯದಲ್ಲಿ ಓಡಬಹುದು. ಎರಡನೆಯದನ್ನು ಕೇಳಿದವನು ಏನು ಮಾಡಬೇಕು?

ಇದೆಲ್ಲ ದೂರದ ಸ್ಟೇಡಿಯಂಗಳ ಮಾತು ಎಂದುಕೊಂಡಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಈ ವರ್ಷ ನಮ್ಮ ಕಾಲೇಜು ತಂಡಕ್ಕೆ ಕಳಸದ ಕಡೆಯ ಪ್ರಥಮ ಪಿಯು ಹುಡುಗನೊಬ್ಬ ಬಂದ. ಹೆಸರು ಬೇಡ, ಎಲ್ಲರಿಗೂ ಗೊತ್ತು. ಹೈಸ್ಕೂಲಿನಲ್ಲಿ ತುಂಬಾ ಚೆನ್ನಾಗಿ ಆಡುತ್ತಿದ್ದ ಎಂಬ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಪ್ರಾಕ್ಟೀಸ್‌ನ ಮೊದಲ ವಾರವೇ ಅವನಿಗೆ "ಕಳಸದ ಕಾಂಟೆ" ಎಂದು ಹೆಸರಿಟ್ಟರು. ಎರಡು ಪಂದ್ಯ ಸೋತ ಮೇಲೆ ಅದೇ ಹೆಸರು ಗೇಲಿಯಾಯಿತು. ವಾಟ್ಸಾಪ್ ಗ್ರೂಪಿನಲ್ಲಿ ಅವನ ಮುಖದ ಸ್ಟಿಕರ್ ಬಂತು. ಕ್ಯಾಂಟೀನ್ ಹತ್ತಿರ ಅವನು ಬಂದರೆ "ಕಾಂಟೆ, ಪಾಸ್ ಕೊಡೋ" ಎಂಬ ಕೂಗು.

ಅವನು ಅಲ್ಲಿ ಆಡುತ್ತಿದ್ದದ್ದು ಸಣ್ಣ ಮೈದಾನದಲ್ಲಿ, ಏಳು ಜನರ ಆಟ. ಇಲ್ಲಿ ಹನ್ನೊಂದು ಜನರ ಆಟ, ಮಳೆಗೆ ಕೆಸರೆದ್ದ ದೊಡ್ಡ ಮೈದಾನ, ಪರಿಚಯವೇ ಇಲ್ಲದ ಹತ್ತು ಮಂದಿ. ಸೋತ ಆ ಎರಡು ಪಂದ್ಯಗಳಲ್ಲಿ ನಡುವಿನಲ್ಲಿ ಅವನೊಬ್ಬನೇ ಉಳಿದಿದ್ದ. ಪಕ್ಕದಲ್ಲಿ ಇರಬೇಕಾದವರು ಗೋಲು ಹೊಡೆಯುವ ಆಸೆಯಿಂದ ಮುಂದೆ ಹೋಗಿದ್ದರು. ಅವರಿಗೆ ಯಾರೂ ಸ್ಟಿಕರ್ ಮಾಡಲಿಲ್ಲ. ಈಗ ಮೂರು ವಾರದಿಂದ ಅವನು ಪ್ರಾಕ್ಟೀಸ್‌ಗೆ ಬರುತ್ತಿಲ್ಲ. ಕೇಳಿದರೆ "ಓದುವುದಿದೆ ಭಾಯ್" ಎನ್ನುತ್ತಾನೆ.

ಪೋಗ್ಬಾಗೆ ಬೈದರೆ ಅವರಿಗೆ ತಿಳಿಯುವುದೂ ಇಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಈ ಹುಡುಗ ನಮ್ಮ ಪಕ್ಕದ ಬೆಂಚಿನಲ್ಲಿದ್ದಾನೆ. ಗೀಬತ್ ಬಗ್ಗೆ ಜುಮಾ ಬಯಾನಿನಲ್ಲಿ ನಾವೆಲ್ಲ ಎಷ್ಟು ಸಲ ಕೇಳಿದ್ದೇವೆ. ಒಬ್ಬರನ್ನೊಬ್ಬರು ಅಣಕಿಸಬೇಡಿ, ಅಡ್ಡಹೆಸರಿಟ್ಟು ಕರೆಯಬೇಡಿ ಎಂಬ ತಾಕೀತು ಸೂರಾ ಹುಜುರಾತ್‌ನಲ್ಲಿದೆ ಎಂದು ಮದರಸದಲ್ಲೇ ಕಲಿತಿದ್ದೇವೆ. ಫುಟ್‌ಬಾಲ್ ಮೈದಾನಕ್ಕೆ ಅದರಿಂದ ವಿನಾಯಿತಿ ಇದೆ ಎಂದು ಯಾವ ಉಸ್ತಾದರೂ ಹೇಳಿಲ್ಲ.

ತಾಲೂಕು ಮಟ್ಟದ ಪಿಯು ಕ್ರೀಡಾಕೂಟ ಹತ್ತಿರ ಬರುತ್ತಿದೆ. ನಮಗೆ ಆ ಹುಡುಗ ಬೇಕು. ಅದಕ್ಕೆ ನನ್ನ ಮನವಿ ಇಷ್ಟೇ. ಸ್ಟಿಕರ್ ಇಟ್ಟುಕೊಂಡಿರುವವರು ಇವತ್ತೇ ಡಿಲೀಟ್ ಮಾಡಿ. ತಂಡದ ಹಿರಿಯರು ಅವನನ್ನು ಹೋಗಿ ಕರೆಯಿರಿ, ಅವನು ತಾನಾಗಿ ಬರಲಿ ಎಂದು ಕಾಯಬೇಡಿ. ಅವನ ಪಕ್ಕದಲ್ಲಿ ಹಿಂದೆ ನಿಂತು ಕಾಯುವ ಒಬ್ಬರನ್ನು ಹಾಕಿ ಎರಡು ಪಂದ್ಯ ಆಡಿಸಿ ನೋಡಬಹುದೇ ಎಂದು ನಮ್ಮ ಪಿ.ಇ. ಸರ್ ಅವರಲ್ಲಿ ವಿನಂತಿಸುತ್ತೇನೆ. ಗೆರೆಯ ಹೊರಗೆ ನಿಂತು ನೋಡುವ ನಾವು ಹತ್ತೇ ಹತ್ತು ನಿಮಿಷ ಚೆಂಡನ್ನು ಬಿಟ್ಟು ಅವನನ್ನು ಮಾತ್ರ ನೋಡೋಣ. ಅಷ್ಟಾದ ಮೇಲೂ ಅವನು ಆಡಲಿಲ್ಲ ಎನಿಸಿದರೆ ಹೇಳಿ. ಅವನಿಗೇ, ಎದುರಿಗೇ, ಹೆಸರು ಹಿಡಿದು ಹೇಳಿ.